ಮೊದಲು ಗೂಡು, ಆಮೇಲೆ ಮದ್ದು



ಬೆಂಗಳೂರು, ಮೈಸೂರು, ಮಂಗಳೂರಿನಂಥ ಊರುಗಳ ಮನೆಗಳಲ್ಲಿ ನಾಯಿ, ಬೆಕ್ಕು, ಗಿಳಿಗಳ ಜೊತೆಗೆ ಈಗ ಹಲ್ಲಿ-ಓತಿಗಳ ಬಳಗದ ಪ್ರಾಣಿಗಳೂ ಸೇರಿಕೊಂಡಿವೆ. ಹೆಚ್ಚಾಗಿ ಕಾಣುವುದು ಮೂರು. ಮೊದಲನೆಯದು ಮಧ್ಯ ಮತ್ತು ದಕ್ಷಿಣ ಅಮೆರಿಕದ ಹಸಿರು ಇಗ್ವಾನಾ; ಮರಿಯಾಗಿದ್ದಾಗ ಅಂಗೈಯಲ್ಲಿ ಕೂರುತ್ತದೆ, ಬೆಳೆದ ಮೇಲೆ ಬಾಲವೂ ಸೇರಿ ಐದಡಿ ದಾಟುತ್ತದೆ. ಎರಡನೆಯದು ಆಸ್ಟ್ರೇಲಿಯದ ಒಳನಾಡಿನ ಬಿಯರ್ಡೆಡ್ ಡ್ರಾಗನ್. ಗಂಟಲ ಕೆಳಗೆ ಮುಳ್ಳುಮುಳ್ಳಾದ ಗಡ್ಡವಿರುವ ಓತಿ. ಮೂರನೆಯದು ಪಾಕಿಸ್ತಾನ, ಅಫ್ಘಾನಿಸ್ತಾನದ ಒಣ ಕಲ್ಲುಗುಡ್ಡಗಳ ಲೆಪರ್ಡ್ ಗೆಕ್ಕೊ. ಮೈತುಂಬ ಕಪ್ಪು ಚುಕ್ಕಿ, ಕೊಬ್ಬು ತುಂಬಿದ ದಪ್ಪ ಬಾಲ. ಇವುಗಳಲ್ಲಿ ಒಂದೊಂದೂ ಹತ್ತು ಹದಿನೈದು ವರ್ಷ ಬಾಳುವ ಜೀವ. ಆದರೆ ಚಿಕಿತ್ಸೆಗೆಂದು ಪಶುವೈದ್ಯರಾದ ನಮ್ಮಲ್ಲಿಗೆ ಬರುವವು ಬಹುಪಾಲು ಒಂದೆರಡು ವರ್ಷದ ಮರಿಗಳು. ಅವುಗಳಿಗೆ ಬಂದ ಕಾಯಿಲೆ ಹೆಚ್ಚಿನ ಸಲ ಹೊರಗಿನಿಂದ ಬಂದದ್ದಲ್ಲ, ಗೂಡಿನೊಳಗೇ ಹುಟ್ಟಿದ್ದು. ಇವತ್ತು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ವಿಷಯಕ್ಕೆ ಹೋಗುವ ಮುಂಚೆ ಕಾನೂನಿನ ಎರಡು ಮಾತು. ನಮ್ಮ ಕಾಡು, ತೋಟಗಳ ಉಡ, ಗೋಸುಂಬೆಗಳು ಸಾಕುಪ್ರಾಣಿಗಳಲ್ಲ. ಉಡವಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ. ಅದನ್ನು ಹಿಡಿದಿಟ್ಟುಕೊಳ್ಳುವುದು ಅಪರಾಧ. ವಿದೇಶದಿಂದ ಬಂದ ಇಗ್ವಾನಾ ಸಹ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿ. ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ, ಅದರ ಹಿಂದೆಯೇ ಬಂದ 2024ರ ನಿಯಮಗಳ ಪ್ರಕಾರ ಅಂಥ ಪ್ರಾಣಿಯನ್ನು ಸಾಕಿದವರು ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಕಾಗದಪತ್ರ ಸರಿಯಿಲ್ಲವೆಂಬ ಅಂಜಿಕೆಯಿಂದ ಎಷ್ಟೋ ಜನ ವೈದ್ಯರ ಹತ್ತಿರ ಬರುವುದನ್ನೇ ಮುಂದೂಡುತ್ತಾರೆ. ಅದರ ಫಲವನ್ನು ಉಣ್ಣುವುದು ಪ್ರಾಣಿ.

ಕಾಯಿಲೆಯ ಗುರುತು ಹಿಡಿಯುವುದು ಈ ಪ್ರಾಣಿಗಳಲ್ಲಿ ನಿಜಕ್ಕೂ ಕಷ್ಟ. ನಾಯಿ ಕುಂಯ್‌ಗುಡುತ್ತದೆ, ಬೆಕ್ಕು ಮೂಲೆ ಸೇರಿ ನರಳುತ್ತದೆ. ಓತಿಗೆ ಆ ದಾರಿಯಿಲ್ಲ. ಕಾಡಿನಲ್ಲಿ ಬಲಹೀನತೆಯನ್ನು ತೋರಿಸಿಕೊಂಡ ಓತಿ ಹದ್ದಿನ ಬಾಯಿಗೆ ಬೀಳುತ್ತದೆ. ಹಾಗಾಗಿ ಕೊನೆಯ ಗಳಿಗೆಯವರೆಗೂ ಮೈಯನ್ನು ಸರಿಯಾಗಿಯೇ ಇಟ್ಟುಕೊಂಡಂತೆ ಕಾಣಿಸುವುದು ಅದರ ಹುಟ್ಟುಗುಣ. "ನಿನ್ನೆಯವರೆಗೂ ಚೆನ್ನಾಗೇ ಇತ್ತು ಡಾಕ್ಟ್ರೇ, ಇವತ್ತು ಬೆಳಗ್ಗೆ ಬಿದ್ದುಬಿಟ್ಟಿದೆ" ಎಂದು ಮನೆಯವರು ಹೇಳಿದರೆ ಅದು ಸುಳ್ಳಲ್ಲ. ಅವರ ಕಣ್ಣಿಗೆ ಕಂಡದ್ದು ಹಾಗೆಯೇ. ಆದರೆ ಒಳಗೆ ತಿಂಗಳುಗಳಿಂದ ಕಾಯಿಲೆ ನಡೆದಿರುತ್ತದೆ.

ಇದಕ್ಕೆ ನಾನು ಕಂಡ ಒಳ್ಳೆಯ ಉಪಾಯ ಅಡುಗೆಮನೆಯ ಡಿಜಿಟಲ್ ತಕ್ಕಡಿ. ವಾರಕ್ಕೊಂದು ದಿನ ಗೊತ್ತು ಮಾಡಿಕೊಂಡು, ಒಂದು ಡಬ್ಬಿಯಲ್ಲಿ ಪ್ರಾಣಿಯನ್ನು ಕೂರಿಸಿ ಗ್ರಾಂ ಲೆಕ್ಕದಲ್ಲಿ ತೂಗಿ, ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ತಕ್ಕಡಿ, ಡಬ್ಬಿ ಎರಡೂ ಅದಕ್ಕೆಂದೇ ಬೇರೆ ಇರಲಿ. ಬೆಳೆಯುವ ಮರಿಯ ತೂಕ ಏರುತ್ತಿರಬೇಕು, ಬೆಳೆದದ್ದರ ತೂಕ ಹೆಚ್ಚುಕಡಿಮೆ ಒಂದೇ ಸಮ ನಿಲ್ಲಬೇಕು. ನೂರರಲ್ಲಿ ಹತ್ತು ಪಾಲು ತೂಕ ಇಳಿಯಿತೆಂದರೆ, ಪ್ರಾಣಿ ಎಷ್ಟೇ ಗೆಲುವಾಗಿ ಕಂಡರೂ, ವೈದ್ಯರ ಹತ್ತಿರ ಹೊರಡಿ. ಅದೇ ಪುಸ್ತಕದಲ್ಲಿ ಏನು ತಿಂದಿತು, ಯಾವಾಗ ಹಿಕ್ಕೆ ಹಾಕಿತು, ಯಾವಾಗ ಪೊರೆ ಬಿಟ್ಟಿತು ಎಂಬುದನ್ನೂ ಬರೆಯಿರಿ. ಹಿಕ್ಕೆಯಲ್ಲಿ ಕಂದು ಭಾಗದ ಜೊತೆ ಬೆಳ್ಳಗಿನದೊಂದು ಭಾಗ ಇರುತ್ತದೆ. ಅದು ಮೂತ್ರದ ಗಟ್ಟಿ ರೂಪ. ಬೆಳ್ಳಗೆ ಮೆತ್ತಗಿದ್ದರೆ ಸರಿ. ಹಳದಿಗೋ ಕಿತ್ತಳೆಗೋ ತಿರುಗಿ ಒಣಗಿದ್ದರೆ ಮೈಯಲ್ಲಿ ನೀರು ಸಾಲದು ಎಂದರ್ಥ.

ಇನ್ನು ಬಿಸಿಯ ವಿಷಯ. ಓತಿಗಳು ಶೀತರಕ್ತದ ಪ್ರಾಣಿಗಳೆಂದು ಶಾಲೆಯಲ್ಲಿ ಓದಿದ್ದೇವೆ. ಅದರ ಪೂರ್ತಿ ಅರ್ಥ ಏನೆಂಬುದು ಪ್ರಾಣಿ ಸಾಕಿದಾಗಲೇ ಮನಸ್ಸಿಗೆ ಇಳಿಯುತ್ತದೆ. ತಿಂದದ್ದು ಅರಗಲು, ಗಾಯ ಮಾಯಲು, ರೋಗಾಣುವಿನ ಜೊತೆ ಹೋರಾಡಲು ಬೇಕಾದ ಬಿಸಿಯನ್ನು ಅವು ಹೊರಗಿನಿಂದಲೇ ಪಡೆಯಬೇಕು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಮ್ಯಾಥ್ಯೂ ಕ್ಲೂಗರ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಮರುಭೂಮಿಯ ಇಗ್ವಾನಾಗಳ ಮೇಲೆ ಮಾಡಿದ ಪ್ರಯೋಗ ಇಲ್ಲಿ ನೆನೆಯಬೇಕಾದದ್ದು. ರೋಗಾಣು ಚುಚ್ಚಿದ ಓತಿಗಳು ಬಿಸಿ ಹೆಚ್ಚಿರುವ ಜಾಗವನ್ನು ತಾವೇ ಹುಡುಕಿ ಹೋಗಿ, ಮೈಕಾವನ್ನು ಎಂದಿಗಿಂತ ಎರಡು ಡಿಗ್ರಿಯಷ್ಟು ಏರಿಸಿಕೊಂಡವು. ನಮ್ಮ ಮೈಗೆ ಜ್ವರ ತಾನಾಗಿ ಬರುತ್ತದೆ. ಓತಿ ಜ್ವರವನ್ನು ಹುಡುಕಿಕೊಂಡು ಹೋಗುತ್ತದೆ. 1975ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸೋಂಕು ತಗುಲಿದ ಮೇಲೆ 34 ಡಿಗ್ರಿಯಲ್ಲೇ ಇಟ್ಟ ಓತಿಗಳು ಬೇಗ ಸತ್ತವು. 40, 42 ಡಿಗ್ರಿಯಲ್ಲಿಟ್ಟವುಗಳಲ್ಲಿ ಬಹಳಷ್ಟು ಬದುಕಿದವು. ಮರುವರ್ಷ ಜ್ವರ ಇಳಿಸುವ ಔಷಧಿ ಕೊಟ್ಟು ನೋಡಿದರು. ಔಷಧಿಯಿಂದ ಬಿಸಿ ಏರದೆ ಉಳಿದವು ಸತ್ತವು.

ಈ ಪ್ರಯೋಗದಿಂದ ಮನೆಯಲ್ಲಿ ಸಾಕುವವರು ತಿಳಿಯಬೇಕಾದದ್ದು ಎರಡು. ಕಾಯಿಲೆಬಿದ್ದ ಓತಿಗೆ ಮೊದಲ ಚಿಕಿತ್ಸೆ ಅದರ ಜಾತಿಗೆ ತಕ್ಕ ಬಿಸಿ. ಮತ್ತು ಮನೆಯ ಡಬ್ಬಿಯಲ್ಲಿರುವ ಜ್ವರದ ಮಾತ್ರೆಯನ್ನು ಪುಡಿಮಾಡಿ ಕುಡಿಸಬಾರದು. ಎರಡನೆಯದನ್ನು ಹೇಳುವುದಕ್ಕೆ ಕಾರಣವಿದೆ. ಮಕ್ಕಳಿಗೆ ಕೊಡುವ ಸಿರಪ್ಪನ್ನು ಎರಡು ತೊಟ್ಟು ಹಾಕಿ ಕರೆತಂದವರನ್ನು ನಾನು ಕಂಡಿದ್ದೇನೆ. ಪ್ರೀತಿಯಿಂದಲೇ ಹಾಕಿರುತ್ತಾರೆ. ಆದರೆ ನಲವತ್ತು ಐವತ್ತು ಗ್ರಾಂ ತೂಗುವ ಜೀವಕ್ಕೆ ಎರಡು ತೊಟ್ಟು ಎಂಬುದು ಸಣ್ಣ ಪ್ರಮಾಣವಲ್ಲ.

ನಮ್ಮ ಊರುಗಳ ಹವೆ ಈ ಪ್ರಾಣಿಗಳಿಗೆ ಒಗ್ಗುತ್ತದೆಂದು ಅಂಗಡಿಯಲ್ಲಿ ಹೇಳುತ್ತಾರೆ. ಅದು ಅರ್ಧ ನಿಜ. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿ ರಾತ್ರಿ 15-16 ಡಿಗ್ರಿಗೆ ಇಳಿಯುತ್ತದೆ. ಜುಲೈ, ಆಗಸ್ಟಿನಲ್ಲಿ ವಾರಗಟ್ಟಲೆ ಮೋಡ. ಬಿಯರ್ಡೆಡ್ ಡ್ರಾಗನ್ನಿಗೆ ಹಗಲು ಮೈಕಾಯಿಸಲು 38ರಿಂದ 42 ಡಿಗ್ರಿಯ ಒಂದು ಜಾಗ ಬೇಕು. ಇಗ್ವಾನಾಗೆ 35ರ ಆಸುಪಾಸು, ರಾತ್ರಿಯೂ 24ಕ್ಕಿಂತ ಕೆಳಗೆ ಹೋಗಬಾರದು, ಜೊತೆಗೆ ಒಳ್ಳೆಯ ತೇವಾಂಶ. ಲೆಪರ್ಡ್ ಗೆಕ್ಕೊಗೆ ಹೊಟ್ಟೆಯಡಿಯ ನೆಲ 31-32 ಡಿಗ್ರಿ ಇದ್ದರೆ ಸಾಕು. ಯಾವ ಗೂಡಾದರೂ ಒಂದು ತುದಿ ಬಿಸಿ, ಇನ್ನೊಂದು ತುದಿ ತಂಪು ಇರಬೇಕು. ಎಲ್ಲಿ ಕೂರಬೇಕೆಂಬುದನ್ನು ಪ್ರಾಣಿಯೇ ತೀರ್ಮಾನಿಸಲಿ. ಕೈಯಿಂದ ಮುಟ್ಟಿ "ಬೆಚ್ಚಗಿದೆ" ಎನ್ನುವುದು ಸಾಲದು; ಎರಡು ತುದಿಯಲ್ಲೂ ಥರ್ಮಾಮೀಟರ್ ಇಡಿ. ಬಿಸಿ ಕೊಡುವ ಬಲ್ಬಿಗೆ ತಂತಿಬಲೆಯ ಮರೆಯಿರಲಿ, ಥರ್ಮೋಸ್ಟಾಟ್ ಇರಲಿ. ಕರೆಂಟಿನಿಂದ ಕಾಯುವ ಕೃತಕ ಕಲ್ಲುಗಳು ಮಾರಾಟಕ್ಕಿವೆ, ಅವನ್ನು ಕೊಳ್ಳಲೇಬೇಡಿ. ಹೊಟ್ಟೆ ಸುಡುತ್ತಿದ್ದರೂ ಓತಿ ಕಲ್ಲಿನ ಮೇಲಿಂದ ಏಳದೆ ಕೂತೇ ಇರುತ್ತದೆ. ಆಳವಾದ ಸುಟ್ಟಗಾಯವಾಗಿ ಬಂದದ್ದನ್ನು ತಿಂಗಳುಗಟ್ಟಲೆ ಡ್ರೆಸ್ಸಿಂಗ್ ಮಾಡಬೇಕಾಗುತ್ತದೆ.

ಈಗ ಎಲ್ಲಕ್ಕಿಂತ ಹೆಚ್ಚು ಕಾಣುವ, ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ಕಾಯಿಲೆಯ ಮಾತು: ಮೂಳೆ ಮೆದುವಾಗುವ ರೋಗ.

ಕಾಲೇಜು ಓದುವ ಹುಡುಗನೊಬ್ಬ ಇಗ್ವಾನಾ ಮರಿಯನ್ನು ಚಪ್ಪಲಿ ಡಬ್ಬಿಯಲ್ಲಿ ಟವೆಲ್ ಹಾಸಿ ತಂದಿದ್ದ. "ನೋಡಿ ಡಾಕ್ಟ್ರೇ, ತೊಡೆ ಎಷ್ಟು ದಪ್ಪಗಾಗಿದೆ, ಚೆನ್ನಾಗಿ ತಿಂತಾನೆ. ಆದ್ರೆ ಎರಡು ದಿನದಿಂದ ಎದ್ದು ನಿಲ್ತಾನೇ ಇಲ್ಲ."

"ಏನೇನು ಕೊಡ್ತೀಯಪ್ಪ?"

"ಲೆಟಿಸ್, ಸೌತೆಕಾಯಿ, ಬಾಳೆಹಣ್ಣು. ಶಕ್ತಿ ಬರ್ಲಿ ಅಂತ ಆಗಾಗ ನಾಯಿ ಬಿಸ್ಕತ್ತು."

"ಬಿಸಿಲು?"

"ಕಿಟಕಿ ಪಕ್ಕದಲ್ಲೇ ಟ್ಯಾಂಕ್ ಇರೋದು. ಬೆಳಗ್ಗೆಯಿಂದ ಮಧ್ಯಾಹ್ನದವರೆಗೂ ಬಿಸಿಲು ಬೀಳುತ್ತೆ."

ಮೇಜಿನ ಮೇಲೆ ಬಿಟ್ಟರೆ ಆ ಮರಿ ಹೊಟ್ಟೆ ಎಳೆದುಕೊಂಡು ಎರಡಂಗುಲ ತೆವಳಿತು. ಆರೋಗ್ಯವಾದ ಇಗ್ವಾನಾ ಮುಂಗಾಲು ಊರಿ ಎದೆಯೆತ್ತಿ ನಿಲ್ಲುತ್ತದೆ. ಕಾಲ್ಬೆರಳುಗಳು ಸಣ್ಣಗೆ ಅದುರುತ್ತಿದ್ದವು. ಬಾಲದ ಬುಡದ ಹತ್ತಿರ ಎರಡು ಕಡೆ ಸೊಟ್ಟ. ಎರಡು ಬೆರಳಿಂದ ಕೆಳದವಡೆಯನ್ನು ಮೆಲ್ಲಗೆ ಒತ್ತಿ ನೋಡಿದೆ. ಗಟ್ಟಿ ಎಲುಬು ತಗಲಬೇಕಾದ ಜಾಗ ರಬ್ಬರಿನಂತೆ ಬಾಗಿ ಮತ್ತೆ ಸ್ವಸ್ಥಾನಕ್ಕೆ ಬಂತು. ಆ ದಪ್ಪ ತೊಡೆ ಮಾಂಸವಲ್ಲ. ಮೂಳೆಯಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಬರಿದಾದಾಗ, ಕಾಲಿಗೆ ಬಲ ಕೊಡಲೆಂದು ದೇಹ ಮೂಳೆಯ ಸುತ್ತ ನಾರಿನ ಅಂಗಾಂಶವನ್ನು ತುಂಬುತ್ತದೆ. ಹೊರಗಿನಿಂದ ನೋಡಿದವರಿಗೆ ಪ್ರಾಣಿ ಮೈತುಂಬಿಕೊಂಡಂತೆ ಕಾಣುತ್ತದೆ. ಎಕ್ಸ್-ರೇ ತೆಗೆದರೆ ಎಲುಬಿನ ನೆರಳೇ ಸರಿಯಾಗಿ ಮೂಡುವುದಿಲ್ಲ.

ಆ ಹುಡುಗ ಏನೂ ಉದಾಸೀನ ಮಾಡಿರಲಿಲ್ಲ. ಆಗಿದ್ದೇನೆಂದರೆ, ಕಿಟಕಿಯ ಗಾಜು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳಲ್ಲಿ ಯುವಿಬಿ ಎಂಬುದೊಂದು ಪಟ್ಟಿ ಇದೆ. ಅದು ಚರ್ಮಕ್ಕೆ ತಾಗಿದಾಗಲೇ ವಿಟಮಿನ್ ಡಿ ತಯಾರಾಗುವುದು, ಡಿ ಇದ್ದರೇ ಕರುಳು ಸುಣ್ಣದಂಶವನ್ನು ಹೀರಿಕೊಳ್ಳುವುದು. ಸಾಮಾನ್ಯ ಗಾಜು ಬೆಳಕನ್ನೂ ಬಿಸಿಯನ್ನೂ ಒಳಗೆ ಬಿಡುತ್ತದೆ, ಯುವಿಬಿಯನ್ನು ತಡೆಯುತ್ತದೆ. ದಿನವೂ ಮಧ್ಯಾಹ್ನದವರೆಗೆ ಬಿಸಿಲಲ್ಲಿ ಕೂತ ಪ್ರಾಣಿಗೆ ಬಿಸಿಲಿನ ಮುಖ್ಯ ಪ್ರಯೋಜನವೇ ಸಿಕ್ಕಿರಲಿಲ್ಲ. ಮೇಲೆ ಊಟದ ತೊಂದರೆ. ತಿನ್ನುವ ಆಹಾರದಲ್ಲಿ ರಂಜಕಕ್ಕಿಂತ ಸುಣ್ಣದಂಶ ಸುಮಾರು ಎರಡು ಪಟ್ಟು ಇರಬೇಕು. ಬಾಳೆಹಣ್ಣಿನಲ್ಲಿ ಅದು ತಲೆಕೆಳಗು. ಲೆಟಿಸ್‌ನಲ್ಲಿ, ಸೌತೆಕಾಯಿಯಲ್ಲಿ ನೀರೇ ಹೆಚ್ಚು. ಸುಣ್ಣ ಸಾಲದೆ ಹೋದಾಗ ದೇಹ ತನ್ನ ಮೂಳೆಯನ್ನೇ ಕರಗಿಸಿ ರಕ್ತಕ್ಕೆ ಕೊಡುತ್ತದೆ. ಅದಕ್ಕೇ ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಬಹಳ ದಿನ ಸರಿಯಾಗಿಯೇ ಬರುತ್ತದೆ. ಅದೂ ಇಳಿಯಿತೆಂದರೆ ಅದುರು, ಸೆಳವು ಶುರುವಾಗಿದೆ ಎಂದೇ ಲೆಕ್ಕ.

ಚಿಕಿತ್ಸೆ ಇದೆ, ತಾಳ್ಮೆ ಬೇಕು. ಸೆಳವು ಬಂದ ಪ್ರಾಣಿಗೆ ಆಸ್ಪತ್ರೆಯಲ್ಲಿ ಕ್ಯಾಲ್ಸಿಯಂ ಚುಚ್ಚುಮದ್ದು, ದ್ರವ. ಉಳಿದವಕ್ಕೆ ತೂಕ ನೋಡಿ ಗೊತ್ತುಮಾಡಿದ ಪ್ರಮಾಣದಲ್ಲಿ ಬಾಯಿಯ ಮೂಲಕ ಕ್ಯಾಲ್ಸಿಯಂ ಸಿರಪ್, ವಾರಗಳು, ಕೆಲವೊಮ್ಮೆ ತಿಂಗಳುಗಳು. ಆ ಕಾಲದಲ್ಲಿ ಹತ್ತುವ ಕೊಂಬೆಗಳನ್ನು ತೆಗೆದುಬಿಡಬೇಕು, ಬಿದ್ದರೆ ಮುರಿಯುತ್ತದೆ. ಎತ್ತುವಾಗ ಇಡೀ ಹೊಟ್ಟೆಗೆ ಅಂಗೈ ಆಸರೆ ಕೊಡಬೇಕು. ವಿಟಮಿನ್ ಡಿ ಇಂಜೆಕ್ಷನ್ನನ್ನು ನಾವು ಕೈಬಿಚ್ಚಿ ಕೊಡುವುದಿಲ್ಲ. ಅತಿಯಾದರೆ ಸುಣ್ಣ ಹೋಗಿ ಮೂತ್ರಪಿಂಡ, ರಕ್ತನಾಳಗಳಲ್ಲಿ ಕೂರುತ್ತದೆ. ಬಿಸಿಲಿನಿಂದ ಚರ್ಮದಲ್ಲಿ ಆಗುವ ಡಿ ಅತಿಯಾಗುವುದಿಲ್ಲ, ಅದೇ ಕ್ಷೇಮ. ದವಡೆ ಗಟ್ಟಿಯಾಗುತ್ತದೆ. ಬಾಲದ ಸೊಟ್ಟ, ಬೆನ್ನಿನ ಗೂನು ಹಾಗೆಯೇ ಉಳಿಯುತ್ತವೆ.

ಬಿಸಿಲು ಕೊಡುವುದಕ್ಕೆ ನಮ್ಮಲ್ಲಿ ಬಡತನವಿಲ್ಲ. ತಂತಿಬಲೆಯ ಪಂಜರದಲ್ಲಿ, ಅರ್ಧ ಭಾಗಕ್ಕೆ ನೆರಳು ಮಾಡಿ, ನೀರಿಟ್ಟು, ಬಾಲ್ಕನಿಯಲ್ಲೋ ತಾರಸಿಯಲ್ಲೋ ಬೆಳಗಿನ ಬಿಸಿಲಿಗೆ ಅರ್ಧ ಮುಕ್ಕಾಲು ಗಂಟೆ ಇಡಿ, ಹತ್ತಿರವೇ ಇರಿ. ಕಾಗೆ, ಬೆಕ್ಕು ಎರಡೂ ಕಾಯುತ್ತಿರುತ್ತವೆ. ಗಾಜಿನ ಟ್ಯಾಂಕನ್ನು ಮಾತ್ರ ಬಿಸಿಲಿನಲ್ಲಿ ಇಡಬೇಡಿ. ಕೆಲವೇ ನಿಮಿಷದಲ್ಲಿ ಒಳಗೆ ಬೇಯುವಷ್ಟು ಕಾವಾಗಿ ಪ್ರಾಣಿ ಸಾಯುತ್ತದೆ. ಬಿಸಿಲಿಲ್ಲದ ಮನೆಗೆ ಯುವಿಬಿ ಟ್ಯೂಬ್ ಬೇಕೇ ಬೇಕು. ಅದು ಉರಿಯುತ್ತಿದ್ದರೂ ಆರರಿಂದ ಹನ್ನೆರಡು ತಿಂಗಳಲ್ಲಿ ಕಿರಣದ ಬಲ ಕುಂದುತ್ತದೆ, ಕೊಂಡ ತಾರೀಖನ್ನು ಟ್ಯೂಬಿನ ಮೇಲೆಯೇ ಬರೆದಿಡಿ.

ಇಗ್ವಾನಾ ಶುದ್ಧ ಸಸ್ಯಾಹಾರಿ. ನಾಯಿ ಬಿಸ್ಕತ್ತು, ಮೊಟ್ಟೆ, ಮಾಂಸ ತಿಂದು ಬೆಳೆದ ಇಗ್ವಾನಾಗಳ ಮೂತ್ರಪಿಂಡ ಕೆಡುತ್ತದೆ, ಕೀಲುಗಳಲ್ಲಿ ಯೂರಿಕ್ ಆಮ್ಲ ಕೂತು ಊದುತ್ತದೆ. ನಮ್ಮ ಹಿತ್ತಿಲಲ್ಲೇ ಅದಕ್ಕೆ ಒಳ್ಳೆಯ ಊಟವಿದೆ: ನುಗ್ಗೆಸೊಪ್ಪು, ಅಗಸೆಸೊಪ್ಪು, ದಾಸವಾಳದ ಎಲೆ ಮತ್ತು ಹೂವು, ಹಿಪ್ಪುನೇರಳೆ ಸೊಪ್ಪು. ಮಾರುಕಟ್ಟೆಯಿಂದ ತಂದದ್ದಾದರೆ ಔಷಧಿಯ ಅಂಶ ಹೋಗುವಂತೆ ಚೆನ್ನಾಗಿ ತೊಳೆಯಿರಿ. ಪಾಲಕ್ ಹೆಚ್ಚು ಬೇಡ. ಅದರಲ್ಲಿರುವ ಆಕ್ಸಲೇಟ್ ಸುಣ್ಣವನ್ನು ಕಟ್ಟಿಹಾಕುತ್ತದೆ. ಬೆಣ್ಣೆಹಣ್ಣು, ಅಂದರೆ ಅವಕಾಡೊ, ಯಾವ ಓತಿಗೂ ಬೇಡ. ಹುಳ ತಿನ್ನುವ ಡ್ರಾಗನ್, ಗೆಕ್ಕೊಗಳಿಗೆ ಕ್ರಿಕೆಟ್ ಹುಳ, ಮೀಲ್‌ವರ್ಮ್ ಕೊಡುತ್ತೀರಿ. ಇವುಗಳಲ್ಲಿ ಸುಣ್ಣಕ್ಕಿಂತ ರಂಜಕ ಹಲವು ಪಟ್ಟು. ಆದ್ದರಿಂದ ಹುಳಗಳಿಗೆ ಹಿಂದಿನ ದಿನ ಒಳ್ಳೆಯ ಸೊಪ್ಪು ತಿನ್ನಿಸಿ, ಕೊಡುವ ಮುಂಚೆ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ. ರೇಷ್ಮೆಹುಳು ಮೆತ್ತಗಿದ್ದು ಚೆನ್ನಾಗಿ ಅರಗುತ್ತದೆ. ರಾಮನಗರ, ಕೋಲಾರದ ಕಡೆಯವರಿಗೆ ಅದು ಸುಲಭವಾಗಿ ಸಿಗುತ್ತದೆ. ಮನೆಯಲ್ಲಿ ಹಿಡಿದ ಜಿರಳೆ ಕೊಡಬೇಡಿ, ಅದು ಜಿರಳೆಮದ್ದು ತಿಂದಿರಬಹುದು. ಮಳೆಗಾಲದಲ್ಲಿ ಮಕ್ಕಳು ಮಿಂಚುಹುಳು ಹಿಡಿದು ಹಾಕಲು ಹೋಗುತ್ತಾರೆ, ತಡೆಯಿರಿ. ಅಮೆರಿಕದಲ್ಲಿ ಮಿಂಚುಹುಳು ತಿಂದು ಬಿಯರ್ಡೆಡ್ ಡ್ರಾಗನ್‌ಗಳು ಸತ್ತದ್ದು ದಾಖಲಾಗಿದೆ. ಆ ಹುಳದ ವಿಷ ಹೃದಯಕ್ಕೆ ತಾಗುವಂಥದು.

ಇಷ್ಟು ಹೇಳಿದ ಮೇಲೆ ಉಳಿದ ತೊಂದರೆಗಳನ್ನು ಬೇಗ ಬೇಗ ಹೇಳಿಬಿಡಬಹುದು, ಏಕೆಂದರೆ ಅವುಗಳ ಬೇರೂ ಗೂಡಿನಲ್ಲೇ ಇದೆ.

ಪೊರೆ ಕಳಚದಿರುವುದು ಲೆಪರ್ಡ್ ಗೆಕ್ಕೊಗಳಲ್ಲಿ ಹೆಚ್ಚು. ಒಳ್ಳೆಯ ಗೆಕ್ಕೊ ರಾತ್ರಿ ಬೆಳಗಾಗುವುದರೊಳಗೆ ಪೊರೆ ಬಿಟ್ಟು ಅದನ್ನು ತಾನೇ ತಿಂದುಬಿಡುತ್ತದೆ. ಗೂಡು ತೀರ ಒಣಗಿದ್ದರೆ ಬೆರಳ ತುದಿಗಳಲ್ಲಿ ಪೊರೆಯ ಉಂಗುರ ಉಳಿದು, ಒಣಗಿ, ಬಿಗಿದು, ರಕ್ತಸಂಚಾರ ನಿಂತು ಬೆರಳೇ ಉದುರುತ್ತದೆ. ಪ್ರತಿ ಪೊರೆಯ ಮರುದಿನ ಇಪ್ಪತ್ತು ಬೆರಳುಗಳನ್ನೂ ಬೆಳಕಿನಲ್ಲಿ ನೋಡಿ. ಬೂದುಬಣ್ಣದ ತುಣುಕು ಉಳಿದಿದ್ದರೆ ಉಗುರುಬೆಚ್ಚಗಿನ ನೀರನ್ನು ಗೆಣ್ಣು ಮುಳುಗುವಷ್ಟೇ ಹಾಕಿ ಹತ್ತು ಹದಿನೈದು ನಿಮಿಷ ನಿಲ್ಲಿಸಿ, ಒದ್ದೆ ಹತ್ತಿಕಡ್ಡಿಯನ್ನು ಬೆರಳಿನ ಮೇಲೆ ಉರುಳಿಸಿ. ಬಂದರೆ ಬಂತು, ಬಾರದಿದ್ದರೆ ನಾಳೆ. ಒಣಗಿದ್ದನ್ನು ಕಿತ್ತರೆ ಕೆಳಗಿನ ಚರ್ಮವೂ ಬರುತ್ತದೆ. ಕಣ್ಣಿನ ರೆಪ್ಪೆಯೊಳಗೆ ಸಿಕ್ಕಿಕೊಂಡದ್ದಕ್ಕೆ ಕೈ ಹಾಕಬೇಡಿ, ಅದು ವೈದ್ಯರ ಕೆಲಸ. ಮತ್ತೆ ಹೀಗಾಗದಿರಲು ಮುಚ್ಚಳವಿರುವ ಡಬ್ಬಿಗೆ ಒಂದು ಬಾಗಿಲು ಕೊರೆದು, ಒಳಗೆ ಒದ್ದೆ ತೆಂಗಿನ ನಾರಿನ ಪುಡಿ ಹಾಕಿ ಗೂಡಿನ ಬೆಚ್ಚಗಿನ ಕಡೆ ಇಡಿ.

ಮಲಬದ್ಧತೆಗೆ ಹೆಚ್ಚಿನ ಕಾರಣ ಮರಳು ಮತ್ತು ಚಳಿ. ಚೆಂದ ಕಾಣಲೆಂದು ಹಾಸಿದ ಮರಳನ್ನು ಮರಿಗಳು ಹುಳದ ಜೊತೆ ನುಂಗುತ್ತವೆ. ಬಿಸಿ ಸಾಲದೆ ಕರುಳು ಓಡುವುದಿಲ್ಲ. ಹೊಟ್ಟೆ ಉಬ್ಬಿ, ಹಿಂಗಾಲು ಎಳೆಯತೊಡಗಿದರೆ ತಡಮಾಡಬೇಡಿ. ಬೆಚ್ಚಗಿನ ನೀರಿನಲ್ಲಿ ಕೂರಿಸುವುದು ಸರಿ; ಹರಳೆಣ್ಣೆ ಕುಡಿಸುವುದು ತಪ್ಪು, ಅದು ಶ್ವಾಸಕೋಶಕ್ಕೆ ಹೋದರೆ ಉಳಿಯುವುದು ಕಷ್ಟ. ಮರಿಗಳ ಗೂಡಿಗೆ ಪೇಪರ್ ಹಾಸಿದರೆ ಸಾಕು. ಮುಕ್ಕಿ ಮುಕ್ಕಿ ಗುದದ್ವಾರದಿಂದ ಕೆಂಪು ಅಂಗಾಂಶ ಹೊರಬಂದಿದ್ದರೆ ಅದು ಒಣಗಬಾರದು. ಸಕ್ಕರೆ ಕರಗಿಸಿದ ದಪ್ಪ ನೀರಿನಲ್ಲಿ ಅದ್ದಿದ ಗಾಜ್ ಬಟ್ಟೆ ಇಟ್ಟು, ಆ ಗಂಟೆಯಲ್ಲೇ ಆಸ್ಪತ್ರೆಗೆ ಬನ್ನಿ. ಸಕ್ಕರೆ ಊತವನ್ನು ಎಳೆಯುತ್ತದೆ.

ಬಾಯಿಹುಣ್ಣಿನ ಗುರುತು ವಸಡಿನ ಕೆಂಪು ಚುಕ್ಕಿ, ಅಂಟಾದ ಜೊಲ್ಲು, ಆಮೇಲೆ ಹಳದಿಯ ಗಟ್ಟಿ ಪದರ. ಸರೀಸೃಪಗಳ ಕೀವು ನಮ್ಮದರಂತೆ ಹರಿಯುವುದಿಲ್ಲ, ಗಟ್ಟಿ ಗಡ್ಡೆಯಾಗಿ ನಿಲ್ಲುತ್ತದೆ. ಅದಕ್ಕೇ ಇವುಗಳ ಬಾವಿಗೆ ಬರಿಯ ಆ್ಯಂಟಿಬಯಾಟಿಕ್ ಕೊಟ್ಟರೆ ವಾಸಿಯಾಗುವುದಿಲ್ಲ. ಕೊಯ್ದು ಗಡ್ಡೆಯನ್ನು ಪೂರ್ತಿ ತೆಗೆಯಬೇಕು. ಉಸಿರಿನ ಸೋಂಕಿನಲ್ಲಿ ಮೂಗಿನಲ್ಲಿ, ಬಾಯಲ್ಲಿ ಗುಳ್ಳೆ ಕಾಣುತ್ತದೆ, ಕತ್ತು ಎತ್ತಿ ಬಾಯಿ ತೆರೆದು ಉಸಿರೆಳೆಯುತ್ತದೆ. ಓತಿಗೆ ವಪೆಯಿಲ್ಲ, ಕೆಮ್ಮಿ ಕಫ ಹೊರಹಾಕಲಾರದು, ಹಾಗಾಗಿ ಸಣ್ಣ ಸೋಂಕೂ ಬೇಗ ದೊಡ್ಡದಾಗುತ್ತದೆ. ಆದರೆ ಎರಡು ವಿಷಯಕ್ಕೆ ಗಾಬರಿ ಬೇಡ. ಬಿಯರ್ಡೆಡ್ ಡ್ರಾಗನ್ ದೀಪದ ಕೆಳಗೆ ಬಾಯಿ ತೆರೆದು ಕೂರುವುದು ಮೈ ತಂಪು ಮಾಡಿಕೊಳ್ಳುವುದಕ್ಕೆ. ಇಗ್ವಾನಾ ಸೀನಿ ಗಾಜಿನ ಮೇಲೆ ಬಿಳಿ ಪುಡಿ ಎರಚುವುದು ನೆಗಡಿಯಲ್ಲ, ಮೈಯ ಹೆಚ್ಚಿನ ಉಪ್ಪನ್ನು ಮೂಗಿನ ಗ್ರಂಥಿಯಿಂದ ಹೊರಹಾಕುವ ಬಗೆ.

ಹೆಣ್ಣು ಸಾಕಿದವರು ಇದನ್ನು ತಿಳಿದಿರಲೇಬೇಕು: ಗಂಡಿನ ಜೊತೆಯಿಲ್ಲದೆಯೂ ಅವು ಮೊಟ್ಟೆ ಕಟ್ಟುತ್ತವೆ. ಊಟ ಬಿಟ್ಟು, ನಿಲ್ಲದೆ ಓಡಾಡಿ, ಮೂಲೆ ಕೆರೆಯಲು ತೊಡಗಿದರೆ ಮೊಟ್ಟೆಯಿಡಲು ಜಾಗ ಹುಡುಕುತ್ತಿದೆ ಎಂದು ತಿಳಿಯಿರಿ. ಅದು ಪೂರ್ತಿ ಹೊಕ್ಕು ತೋಡಬಹುದಾದಷ್ಟು ಆಳಕ್ಕೆ ತೇವದ ಮರಳು-ಮಣ್ಣು ತುಂಬಿದ ತೊಟ್ಟಿ ಕೊಡಿ. ಊಟ ಬಿಟ್ಟರೂ ಚುರುಕಾಗಿದ್ದರೆ ಕಾಯಬಹುದು. ಚುರುಕು ಹೋಗಿ ಮಂಕಾಗಿ ಬಿದ್ದುಕೊಂಡರೆ ಮೊಟ್ಟೆ ಒಳಗೇ ಸಿಕ್ಕಿಕೊಂಡಿದೆ. ಹಲವು ಸಲ ಶಸ್ತ್ರಚಿಕಿತ್ಸೆಯೇ ದಾರಿ.

ಹೊಟ್ಟೆಹುಳದ ವಿಷಯದಲ್ಲಿ ಕಣ್ಣುಮುಚ್ಚಿ ಔಷಧಿ ಹಾಕುವ ಅಭ್ಯಾಸ ಬಿಡಬೇಕು. ಹಿಕ್ಕೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಸಿ. ಇಗ್ವಾನಾದ ಕರುಳಿನಲ್ಲಿ ಕೆಲವು ಸಣ್ಣ ಹುಳಗಳು ಇದ್ದರೆ ತೊಂದರೆಯೇನಿಲ್ಲ. ಬಿಯರ್ಡೆಡ್ ಡ್ರಾಗನ್ ಮರಿಗಳಲ್ಲಿ ಕಾಕ್ಸಿಡಿಯಾ ಹೆಚ್ಚಾದರೆ ಭೇದಿಯಾಗಿ ಸೊರಗುತ್ತವೆ, ಅದಕ್ಕೆ ಮದ್ದಿದೆ. ಲೆಪರ್ಡ್ ಗೆಕ್ಕೊದಲ್ಲಿ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರೋಪಜೀವಿ ಹೊಕ್ಕರೆ, ತಿನ್ನುತ್ತಿದ್ದರೂ ಬಾಲದ ಕೊಬ್ಬು ಕರಗಿ ಸಣ್ಣಗಾಗುತ್ತದೆ. ಇದನ್ನು ಪೂರ್ತಿ ಗುಣಪಡಿಸುವ ನೆಚ್ಚಬಹುದಾದ ಔಷಧಿ ಇಲ್ಲ. ಅದಕ್ಕಾಗಿಯೇ ಹೊಸದಾಗಿ ತಂದ ಪ್ರಾಣಿಯನ್ನು ಎರಡು ಮೂರು ತಿಂಗಳು ಬೇರೆ ಕೋಣೆಯಲ್ಲಿ, ಬೇರೆ ಪಾತ್ರೆಯಲ್ಲಿ ಇಡಬೇಕೆಂದು ಒತ್ತಿ ಹೇಳುವುದು. ದನಕರುಗಳಿಗೆ, ನಾಯಿಗಳಿಗೆ ಹಾಕುವ ಐವರ್‌ಮೆಕ್ಟಿನ್ನನ್ನು ಅಂದಾಜಿನಲ್ಲಿ ಕೊಟ್ಟು ಓತಿಯನ್ನು ಕಳೆದುಕೊಳ್ಳಬೇಡಿ. ಅದೇ ಮನೆಯಲ್ಲಿ ಆಮೆಯಿದ್ದರೆ ಅದರ ಹತ್ತಿರಕ್ಕೂ ಆ ಔಷಧಿ ಸುಳಿಯಬಾರದು, ಆಮೆಗೆ ಅದು ಪ್ರಾಣಾಂತಿಕ.

ಬಾಲ ಕಳಚಿ ಬಿದ್ದರೆ ಕೂಗಾಡಬೇಡಿ. ಗೆಕ್ಕೊಗೆ, ಇಗ್ವಾನಾಗೆ ಮತ್ತೆ ಬೆಳೆಯುತ್ತದೆ, ಮೊದಲಿನ ಅಂದ ಇರುವುದಿಲ್ಲ ಅಷ್ಟೆ. ಬಟ್ಟೆ ಸುತ್ತದೆ, ಮರಳು ತೆಗೆದು ಪೇಪರ್ ಹಾಸಿ, ಶುಚಿಯಾಗಿಡಿ.

ಮನೆಯವರ ಆರೋಗ್ಯದ ಒಂದು ಮಾತು. ಚೆನ್ನಾಗಿರುವ ಓತಿಯ ಕರುಳಿನಲ್ಲೂ ಸಾಲ್ಮೊನೆಲ್ಲಾ ರೋಗಾಣು ಇರಬಹುದು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಅದರ ಪಾತ್ರೆಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಐದು ವರ್ಷದೊಳಗಿನ ಮಕ್ಕಳು, ಬಸುರಿಯರು, ವಯಸ್ಸಾದವರು ಇರುವ ಮನೆಯಲ್ಲಿ ಇವನ್ನು ಸಾಕದಿರುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ವೈದ್ಯರ ಹತ್ತಿರ ಹೋಗುವಾಗ ಪ್ರಾಣಿಯ ಜೊತೆ ಗೂಡಿನ ನಾಲ್ಕು ಫೋಟೊ, ದೀಪದ ಡಬ್ಬಿ, ನಿಮ್ಮ ನೋಟುಪುಸ್ತಕ, ಅವತ್ತಿನ ಹಿಕ್ಕೆಯನ್ನು ಒಂದು ಪುಟ್ಟ ಡಬ್ಬಿಯಲ್ಲಿ ತನ್ನಿ. ಪ್ರಾಣಿಯನ್ನು ಬಟ್ಟೆಚೀಲದಲ್ಲೋ ಡಬ್ಬಿಯಲ್ಲೋ ಕೂರಿಸಿ, ಪಕ್ಕದಲ್ಲಿ ಟವೆಲ್ ಸುತ್ತಿದ ಬಿಸಿನೀರ ಬಾಟಲಿ ಇಡಿ. ಎಲ್ಲ ಪಶುವೈದ್ಯರೂ ಸರೀಸೃಪಗಳನ್ನು ನೋಡುವುದಿಲ್ಲ. ನೋಡುವವರು ಯಾರು, ಎಲ್ಲಿದ್ದಾರೆ ಎಂಬುದನ್ನು ಮರಿ ಕೊಳ್ಳುವ ಮುಂಚೆಯೇ ವಿಚಾರಿಸಿ ಇಟ್ಟುಕೊಳ್ಳಿ.

ಸಾಕಲು ಆಗದಿದ್ದರೆ ಕೆರೆಯ ಏರಿಯ ಮೇಲೆ, ಪಾರ್ಕಿನಲ್ಲಿ ಬಿಟ್ಟುಬರಬೇಡಿ. ಅಮೆರಿಕದ ಫ್ಲಾರಿಡಾದಲ್ಲಿ, ಪೋರ್ಟೊರಿಕೊದಲ್ಲಿ ಹಾಗೆ ಹೊರಬಿದ್ದ ಇಗ್ವಾನಾಗಳು ಹೆಚ್ಚಿಕೊಂಡು ತೋಟಗಳಿಗೆ, ಕಾಲುವೆ ಏರಿಗಳಿಗೆ ಕಾಟವಾಗಿವೆ. ತಿಳಿದ ಬೇರೊಬ್ಬರ ಮನೆ ಹುಡುಕಿ, ಕಾಗದಪತ್ರ ಸಮೇತ ಒಪ್ಪಿಸಿ. ಆಗದಿದ್ದರೆ ಅರಣ್ಯ ಇಲಾಖೆಯವರನ್ನು ಕೇಳಿ.

ಈಗಾಗಲೇ ಮನೆಯಲ್ಲಿ ಒಂದು ಓತಿ ಸಾಕಿಕೊಂಡು ಈ ಮಾತು ಕೇಳುತ್ತಿರುವವರಲ್ಲಿ ನನ್ನ ಕೋರಿಕೆ ಇಷ್ಟೆ: ಇವತ್ತು ರಾತ್ರಿ ಗೂಡಿನ ಎರಡು ತುದಿಯ ಬಿಸಿಯನ್ನು ಅಳೆದು ನೋಡಿ, ಯುವಿಬಿ ಟ್ಯೂಬ್ ಕೊಂಡ ತಾರೀಖನ್ನು ನೆನಪಿಸಿಕೊಳ್ಳಿ, ನಾಳೆ ಬೆಳಗ್ಗೆ ಪ್ರಾಣಿಯನ್ನು ತೂಗಿ ಬರೆದಿಡಿ.